ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ದಾರ ಹಿಡಿದು ದೂರ ಅಳೆಯಿರಿ

ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದೆ. ಟಿಕೆಟ್‌ನಲ್ಲಿ ಹೀಗಿತ್ತು: ಬೆಂಗಳೂರು ಬಿಡುವುದು ಮಧ್ಯಾಹ್ನ 2ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದು ಅದೇ ದಿನ ಸಂಜೆ 5ಕ್ಕೆ. ಪಕ್ಕದ ಮನೆಯವರು ನೋಡಿ, "ಮೂರೇ ಗಂಟೆನಾ?" ಅಂದರು. ನನಗೆ ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ತಗೊಳ್ಳೋಕೆ ನಿಜವಾಗಿ ಎಷ್ಟು ಗಂಟೆ ಕಳೆಯುತ್ತೆ ಅಂತ ಗೊತ್ತಿರಬೇಕು. ಅದಕ್ಕೇ ಕೂತು ಲೆಕ್ಕ ಹಾಕಿದೆ. ನೀವೂ ಹಾಕಬಹುದು.

ಮೊದಲು ದೂರ. ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಡಬೇಡಿ. ನಾನು ಬ್ಲೌಸ್ ಹೊಲಿಯುವವಳು. ಗುಂಡಗಿರುವುದನ್ನು ಸುತ್ತಿಯೇ ಅಳೆಯಬೇಕು. ಮನೆಯಲ್ಲಿ ಎಂಟು ಇಂಚಿನ ಗ್ಲೋಬ್ ಇತ್ತು. ಅದರ ನಡುವಿನ ಸಮಭಾಜಕ ರೇಖೆಗೆ ದಾರ ಸುತ್ತಿ ಟೇಪಿಗೆ ಹಿಡಿದೆ: 64 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 625 ಕಿಲೋಮೀಟರ್.

ಈಗ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಬೆರಳಿನಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಸಡಿಲ ಬಿಟ್ಟರೆ ಅಳತೆ ಕೆಡುತ್ತೆ. ಪೆಸಿಫಿಕ್ ಸಾಗರದ ಮೇಲೆ ಹೋಗುತ್ತೆ ಅಂದುಕೊಂಡಿದ್ದೆ. ದಾರ ತಾನಾಗಿ ಮೇಲಕ್ಕೆ ಜಾರಿತು! ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಸಮುದ್ರದ ಅಂಚು ಸವರಿ, ಅಲಾಸ್ಕಾ ಕಡೆಯಿಂದ ಇಳಿಯಿತು. ಅಳೆದರೆ 22.4 ಸೆಂಟಿಮೀಟರ್. 14,000 ಕಿಲೋಮೀಟರ್ ಆಯ್ತು.

ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಭಾಗಿಸಿದರೆ ಹದಿನೈದೂವರೆ ಗಂಟೆ. ಏರೋದು, ಇಳಿಯೋದು, ರನ್‌ವೇ ಓಡಾಟಕ್ಕೆ ಅರ್ಧ ಗಂಟೆ ಸೇರಿಸಿ. ಮೇಲೆ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತೆ. ಎದುರಾದರೆ ತಡ, ಬೆನ್ನಿಗೆ ಸಿಕ್ಕರೆ ಬೇಗ. ವಿಮಾನ ಯಾವಾಗಲೂ ದಾರದ ದಾರಿಯಲ್ಲೇ ಹೋಗಲ್ಲ. ಹಾಗಾಗಿ ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಾಗ ಸುಮಾರು 17 ಗಂಟೆ ಹಿಡಿದಿತ್ತು. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ. ನೆನೆದರೆ ಈಗಲೂ ಹೆಮ್ಮೆ ಆಗುತ್ತೆ.

ಇನ್ನು ಟಿಕೆಟ್ ಓದುವುದು. ತಲುಪುವ ಟೈಮನ್ನು ನಮ್ಮ ಟೈಮಿಗೆ ತನ್ನಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಸಂಜೆ 5ಕ್ಕೆ ಹದಿಮೂರೂವರೆ ಕೂಡಿಸಿದರೆ ನಮ್ಮಲ್ಲಿ ಮಾರನೇ ಬೆಳಗ್ಗೆ 6:30. ಮಧ್ಯಾಹ್ನ 2ರಿಂದ ಅಲ್ಲಿಗೆ ಹದಿನಾರೂವರೆ ಗಂಟೆ. ದಾರದ ಲೆಕ್ಕಕ್ಕೆ ಹೊಂದಿತು ಅಲ್ವಾ? ನಡುವೆ ವಿಮಾನ ಬದಲಿಸುವುದಿದ್ದರೆ ಒಂದೊಂದು ಹಂತಕ್ಕೂ ಬೇರೆ ಬೇರೆ ಅಳೆಯಿರಿ, ಕಾಯುವ ಗಂಟೆಗಳನ್ನೂ ಸೇರಿಸಿ.

ಆ ಗಂಟೆಗಳನ್ನು ಚೀಟಿಯಲ್ಲಿ ಬರೆದು ನಮ್ಮ ಡಾಕ್ಟ್ರಿಗೆ ತೋರಿಸಿದೆ. ಯಾವ ಮಾತ್ರೆ ಯಾವಾಗ ಅಂತ ಅದರ ಪಕ್ಕದಲ್ಲೇ ಬರೆದುಕೊಟ್ಟರು. ಚೀಟಿ, ಮಾತ್ರೆ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಂಡೆ, ಸೂಟ್‌ಕೇಸಿಗೆ ಹಾಕಲಿಲ್ಲ. ವಾಚನ್ನು ಇಳಿಯುವವರೆಗೂ ಬೆಂಗಳೂರಿನ ಟೈಮಿನಲ್ಲೇ ಬಿಟ್ಟಿದ್ದೆ.