ಕೆಜಿಎಫ್‌ನ ಮೈದಾನದಲ್ಲಿ ಒಂದು ಹಡಗಿನ ಅಳತೆ

2006ರ ಜನವರಿಯಲ್ಲಿ ಫ್ರಾನ್ಸ್ ನೌಕಾಪಡೆಯ ಹಳೆಯ ವಿಮಾನವಾಹಕ ಹಡಗು ಕ್ಲೆಮೆನ್ಸೋವನ್ನು ಗುಜರಾತಿನ ಅಲಂಗ್ ಕಡಲತೀರದಲ್ಲಿ ಒಡೆಯಲೆಂದು ಎಳೆದು ತರುತ್ತಿದ್ದಾಗ, ಅದನ್ನು ವಿರೋಧಿಸಿ ಕೋಲಾರ ಜಿಲ್ಲೆಯಲ್ಲಿ ಸಹಿ ಸಂಗ್ರಹಿಸಲು ನಾವು ಏಳೆಂಟು ಮಂದಿ ಹೊರಟೆವು. ಹಡಗಿನಲ್ಲಿ ಉಳಿದಿರುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, 45 ಟನ್ ಮಾತ್ರ ಎಂದು ಫ್ರೆಂಚ್ ಸರ್ಕಾರ ಹೇಳುತ್ತಿತ್ತು; ವಿರೋಧಿಸುವವರು 500 ಟನ್ನಿಗೂ ಹೆಚ್ಚು ಎನ್ನುತ್ತಿದ್ದರು. ನಾನು ಬರೆದ ಮೊದಲ ಕರಪತ್ರದ ತುಂಬ ಈ ಲೆಕ್ಕವೂ, ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ನಿಯಂತ್ರಿಸುವ 1989ರ ಬಾಸೆಲ್ ಒಪ್ಪಂದದ ವಿವರವೂ ಇದ್ದವು. ಬಸ್ ನಿಲ್ದಾಣದಲ್ಲಿ ಅದನ್ನು ಪಡೆದವರು ಓದದೆ ಮಡಚಿಟ್ಟುಕೊಂಡರು.

ಅದನ್ನು ತಿದ್ದಿಸಿದವರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಬಡಾವಣೆಯ ಒಬ್ಬ ಹಿರಿಯ ಗಣಿ ಕಾರ್ಮಿಕರು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತ್ತಾದರೂ, ಬಂಡೆ ಕೊರೆಯುವಾಗ ಒಳಸೇರಿದ ಸಿಲಿಕಾ ದೂಳು ಅವರ ಎದೆಯಲ್ಲಿ ಹಾಗೆಯೇ ಇತ್ತು. ಜಗುಲಿಯ ಮೇಲೆ ಕುಳಿತು ನಾನು ಕರಪತ್ರ ಓದುತ್ತಿದ್ದಾಗ ಅವರು ಎರಡು ಸಲ ಕೆಮ್ಮಿ, ಉಸಿರು ತಹಬದಿಗೆ ಬಂದ ಮೇಲೆ ಕೇಳಿದರು: “ಮೇಷ್ಟ್ರೇ, ಅಲ್ಲಿ ಒಡೆಯೋರೂ ನಮ್ಮ ಹಾಗೆ ಕೂಲಿಯೋರೇ ಅಲ್ವಾ? ಅವರಿಗೂ ಇದೇ ಕೆಮ್ಮು ಬರುತ್ತಾ?” ಕಾಯಿಲೆ ಬೇರೆ, ಆದರೆ ಕಲ್ನಾರಿನ ಎಳೆ ಒಳಹೊಕ್ಕ ಇಪ್ಪತ್ತು, ನಲವತ್ತು ವರ್ಷಗಳ ನಂತರವೂ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು ಎಂದೆ. ಎರಡನೆಯ ಕರಪತ್ರವನ್ನು ಅವರ ಪ್ರಶ್ನೆಯಿಂದಲೇ ಆರಂಭಿಸಿ, ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ತಮಿಳಿನಲ್ಲಿ ಅಚ್ಚು ಹಾಕಿಸಿದೆವು. ಗಾಳಿ ಎದ್ದಾಗಲೆಲ್ಲ, ಗಣಿಯ ತ್ಯಾಜ್ಯ ಸುರಿದು ಆದ ಸೈನೈಡ್ ಗುಡ್ಡಗಳ ಪುಡಿಯನ್ನು ಅಂಗಳದಿಂದ ಗುಡಿಸುವ ಕೆಜಿಎಫ್‌ನ ಹೆಂಗಸರಿಗೆ ಅದರಲ್ಲಿ ಬಿಡಿಸಿ ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಜನರ ಮುಂದೆ ಒಡೆದು ತೋರಿಸಲೆಂದು ನಮ್ಮ ಹುಡುಗನೊಬ್ಬ ಹಳೆಯ ಕಲ್ನಾರಿನ ಶೀಟಿನ ತುಂಡೊಂದನ್ನು ತಂದ. ಒಡೆದರೆ ಏಳುವ ಎಳೆಗಳು ಕಣ್ಣಿಗೆ ಕಾಣುವುದಿಲ್ಲ ಎಂದು ತಡೆದು, ತುಂಡನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೂರ ಇರಿಸಿದೆವು. ಅದರ ಬದಲು, ಕ್ರೀಡಾಕೂಟಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಶಾಲೆಯ ಮೈದಾನದಲ್ಲಿ ಹಡಗಿನ ಉದ್ದವನ್ನೇ ಎಳೆದೆವು. 265 ಮೀಟರ್. ಮೈದಾನ ಸಾಲದೆ ಗೆರೆ ಗೇಟು ದಾಟಿ ರಸ್ತೆಗೆ ಹೋಯಿತು. ಆ ಗೆರೆಯ ಪಕ್ಕದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬಂದವರು ತಾವಾಗಿಯೇ ಪೆನ್ನು ಕೇಳಿ ಸಹಿ ಹಾಕಿದರು.

ವಿಷಯ ಸುಪ್ರೀಂ ಕೋರ್ಟಿನ ಮುಂದೆ ಇದ್ದಾಗಲೇ, ಫೆಬ್ರವರಿ 15ರಂದು ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಹಡಗನ್ನು ಹಿಂದಕ್ಕೆ ಕರೆಸಿಕೊಂಡರು. ನಮ್ಮ ಸಹಿಗಳಿಂದ ಹಾಗಾಯಿತೆಂದು ನಾನು ಹೇಳುವುದಿಲ್ಲ. ಪತ್ರಿಕೆ ಹಿಡಿದು ಚಾಂಪಿಯನ್ ರೀಫ್ಸ್‌ಗೆ ಹೋದಾಗ ಆ ಹಿರಿಯರು, “ಹಾಗಾದ್ರೆ ಎಲ್ಲಿ ಒಡೀತಾರೆ?” ಎಂದು ಮಾತ್ರ ಕೇಳಿದರು. ಕ್ಲೆಮೆನ್ಸೋ 2009ರಲ್ಲಿ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ತಲುಪಿ ಅಲ್ಲಿ ಬಿಚ್ಚಿಸಿಕೊಂಡಿತು. ಆದರೆ ಅದೇ 2006ರಲ್ಲಿ, ಕಲ್ನಾರು ತುಂಬಿದ ಬ್ಲೂ ಲೇಡಿ ಎಂಬ ಪ್ರಯಾಣಿಕರ ಹಡಗು ಅಲಂಗಿಗೆ ಬಂದಿತು; ಅದನ್ನು ಒಡೆಯಲು 2007ರಲ್ಲಿ ಕೋರ್ಟು ಅನುಮತಿ ನೀಡಿತು. ಅದು ಬಂದ ಸುದ್ದಿ ತಿಳಿದ ವಾರದಲ್ಲೇ ನಾವು ಸುಣ್ಣದ ಚೀಲ ಹೊತ್ತು ಮತ್ತೆ ಮೈದಾನಕ್ಕೆ ಹೋದೆವು. ಈ ಸಲ ಗೆರೆಯನ್ನು 315 ಮೀಟರ್‌ವರೆಗೆ ಎಳೆಯಬೇಕಾಯಿತು.