ವಸ್ತುವನ್ನು ಮುಚ್ಚಿ, ಕಣ್ಣನ್ನಲ್ಲ: ಕಾಣದಿರುವುದು, ಕೇಳದಿರುವುದು ಏನೆಂದು ಮಕ್ಕಳಿಗೆ ತಿಳಿಸುವ ಬಗೆ

ಡಿಸೆಂಬರ್ 3ರ ಅಂಗವಿಕಲರ ದಿನವೋ, ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯ ಹೆಸರಿನ ಜನವರಿ 4ರ ದಿನವೋ ಬಂದಾಗ ನಾನು ಕಂಡ ಶಾಲೆಗಳಲ್ಲಿ ಬಹುಪಾಲು ಒಂದೇ ಚಟುವಟಿಕೆ ನಡೆಯುತ್ತದೆ. ಮಗುವಿನ ಕಣ್ಣಿಗೆ ಕರವಸ್ತ್ರ ಕಟ್ಟಿ ಅಂಗಳದಲ್ಲಿ ನಡೆಸುತ್ತಾರೆ. ಮಗು ಬೆಂಚಿಗೆ ಮೊಣಕಾಲು ತಾಗಿಸಿಕೊಳ್ಳುತ್ತದೆ, ಉಳಿದವರು ನಗುತ್ತಾರೆ, ಕೊನೆಗೆ ಶಿಕ್ಷಕರು ‘ಹೇಗನ್ನಿಸಿತು?’ ಎಂದು ಕೇಳಿದಾಗ ‘ಭಯ ಆಯ್ತು ಸರ್, ಪಾಪ ಅವರು’ ಎಂಬ ಉತ್ತರ ಬರುತ್ತದೆ. ಕಲಬುರಗಿಯ ಬೇಸಿಗೆ ಶಿಬಿರಗಳಲ್ಲಿ ನಾನೂ ಮೊದಲ ಎರಡು ವರ್ಷ ಇದನ್ನೇ ಮಾಡಿಸಿದ್ದೇನೆ. ಮೂರನೆಯ ವರ್ಷ ಅತಿಥಿಯಾಗಿ ಬಂದಿದ್ದ, ಹುಟ್ಟಿನಿಂದಲೇ ಕಣ್ಣು ಕಾಣದ ಸಂಗೀತ ಶಿಕ್ಷಕರೊಬ್ಬರು ಮಕ್ಕಳ ಈ ಉತ್ತರವನ್ನು ಕೇಳಿಸಿಕೊಂಡು, ‘ಈಜು ಬಾರದವನನ್ನು ಬಾವಿಗೆ ತಳ್ಳಿ ಮೀನಿನ ಕಷ್ಟ ಗೊತ್ತಾಯಿತೇ ಎಂದು ಕೇಳಿದ ಹಾಗಾಯಿತು’ ಎಂದರು. ಕೆಳಗಿನ ಕ್ರಮವನ್ನು ನಾನು ರೂಢಿಸಿಕೊಂಡದ್ದು ಆ ಮಾತಿನ ನಂತರ. ಇದು ಮೂರರಿಂದ ಏಳನೆಯ ತರಗತಿಯ ಮಕ್ಕಳಿಗೆ ಹೊಂದುತ್ತದೆ. ದಿನಕ್ಕೆ ಒಂದು ಗಂಟೆಯಂತೆ ನಾಲ್ಕೈದು ದಿನ ಬೇಕು.

ಮೊದಲು ಪುಸ್ತಕ. ಆನೆಯನ್ನು ಮುಟ್ಟಿ ನೋಡಿ ಜಗಳವಾಡಿದ ಕುರುಡರ ಕಥೆಯಿಂದ ದಯವಿಟ್ಟು ಆರಂಭಿಸಬೇಡಿ. ಅದು ಬೇರೇನನ್ನೋ ಹೇಳಲು ಹುಟ್ಟಿದ ದೃಷ್ಟಾಂತ. ಮಕ್ಕಳ ತಲೆಯಲ್ಲಿ ಉಳಿಯುವುದು ಮಾತ್ರ ‘ಮುಟ್ಟಿ ತಿಳಿಯುವವರು ತಪ್ಪು ತಿಳಿಯುತ್ತಾರೆ’ ಎಂಬುದು. ಕೊನೆಯ ಪುಟದಲ್ಲಿ ಪವಾಡದಿಂದ ಕಣ್ಣು ಬರುವ ಕಥೆಗಳೂ ಬೇಡ. ಕಾಣದವರು ಅಥವಾ ಕೇಳದವರು ಕಥೆಯೊಳಗೆ ಏನಾದರೂ ಕೆಲಸ ಮಾಡುತ್ತಾರೆಯೇ, ತಪ್ಪು ಮಾಡುತ್ತಾರೆಯೇ, ತಮಾಷೆ ಮಾಡುತ್ತಾರೆಯೇ ಎಂದು ನೋಡಿ ಆರಿಸಿ. ನಮ್ಮ ಭಾಗದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ (1914–2010) ಬದುಕನ್ನು ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ, ಏಕೆಂದರೆ ಅವರ ಭಾವಚಿತ್ರವನ್ನು ಅನೇಕರು ತಮ್ಮೂರಿನಲ್ಲೇ ಕಂಡಿರುತ್ತಾರೆ. ಕಣ್ಣು ಕಾಣದ, ಕಿವಿಯೂ ಕೇಳದ ಹೆಲೆನ್ ಕೆಲ್ಲರ್ ಅವರ ಕಥೆಯನ್ನು ಹೇಳುವವರು, ಕೈಮೇಲೆ ನೀರು ಬೀಳುತ್ತಿರುವಾಗ ಆಕೆಗೆ ‘ನೀರು’ ಎಂಬ ಪದ ಹೊಳೆದ 1887ರ ಪಂಪಿನ ಪ್ರಸಂಗಕ್ಕೇ ನಿಲ್ಲಿಸಿಬಿಡುತ್ತಾರೆ. ಆಕೆ 1904ರಲ್ಲಿ ಪದವಿ ಪಡೆದು, ಪುಸ್ತಕಗಳನ್ನು ಬರೆದು, 1968ರವರೆಗೆ ಬಾಳಿದರು ಎಂಬುದನ್ನೂ ಸೇರಿಸದಿದ್ದರೆ ಮಕ್ಕಳ ಪಾಲಿಗೆ ಆಕೆ ಎಂದೆಂದಿಗೂ ಆರು ವರ್ಷದ ಹುಡುಗಿಯಾಗಿಯೇ ಉಳಿಯುತ್ತಾರೆ.

ಎರಡನೆಯದು ಕೈಯ ಕೆಲಸ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟುವ ಬದಲು ವಸ್ತುವನ್ನೇ ಮುಚ್ಚಿ. ಬಟ್ಟೆ ಕಟ್ಟಿದರೆ ಮೂಗಿನ ಪಕ್ಕದ ಸಂದಿನಿಂದ ಮಕ್ಕಳು ಇಣುಕುತ್ತಾರೆ, ಒಂದೇ ಬಟ್ಟೆ ಹತ್ತು ಜನಕ್ಕೆ ಸುತ್ತಿ ಕಣ್ಣುಬೇನೆ ಹರಡುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮಗುವಿನ ಗಮನವೆಲ್ಲ ಕತ್ತಲೆಯ ಮೇಲೆ ಹೋಗಿ ಬೆರಳಿನ ಕಡೆಗೆ ಬರುವುದೇ ಇಲ್ಲ. ದಿಂಬಿನ ಗವಸಿನೊಳಗೆ ತೊಗರಿ ಬೇಳೆ, ಕಡಲೆ ಬೇಳೆ, ಹೆಸರು ಬೇಳೆಗಳನ್ನು ಒಂದೊಂದು ಹಿಡಿಯಷ್ಟು ಬೆರೆಸಿ ಹಾಕಿ, ಮಗುವನ್ನು ನೆಲದ ಮೇಲೆ ನೆಮ್ಮದಿಯಾಗಿ ಕೂರಿಸಿ, ಎರಡೂ ಕೈಗಳನ್ನು ಒಳಗೆ ಬಿಡಿಸಿ, ಕೇವಲ ಕಡಲೆ ಬೇಳೆಯನ್ನು ಆರಿಸಿ ಹೊರಗಿಡಲು ಹೇಳಿ. ಎರಡು ನಿಮಿಷ ಸಾಕು. ಬಂದದ್ದನ್ನು ಎಣಿಸಿ ಬರೆದುಕೊಳ್ಳಿ.

ಈಗ ಹೇಳಿಕೊಡಿ. ಕಡಲೆ ಬೇಳೆ ದಪ್ಪ, ಅದರ ಬೆನ್ನು ಏರುತಗ್ಗಾಗಿರುತ್ತದೆ. ತೊಗರಿ ಚಪ್ಪಟೆ, ನುಣುಪು. ಹೆಸರು ಬೇಳೆ ಸಣ್ಣದು, ಉದ್ದುದ್ದ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೇ ಕಾಳನ್ನು ಹೊರಳಿಸಬೇಕೇ ಹೊರತು ಹಿಡಿ ತುಂಬ ಹಿಂಡಬಾರದು. ಇಷ್ಟನ್ನು ತಿಳಿಸಿ ಎರಡನೆಯ ಸುತ್ತು ಆಡಿಸಿ. ಎರಡನೆಯ ಸುತ್ತನ್ನು ಸಮಯವಿಲ್ಲವೆಂದು ಬಿಡುವವರು ಇಡೀ ಚಟುವಟಿಕೆಯನ್ನೇ ಬಿಟ್ಟಂತೆ, ಏಕೆಂದರೆ ಎಣಿಕೆ ಏರಿದ್ದನ್ನು ಕಂಡಾಗಲೇ ಬೆರಳು ಕಲಿಯುತ್ತದೆ ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಕಳೆದ ಬೇಸಿಗೆಯಲ್ಲಿ, ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವವರ ಮಗಳೊಬ್ಬಳು ಮೊದಲ ಸುತ್ತಿನಲ್ಲೇ ಎಲ್ಲರಿಗಿಂತ ಮುಂದಿದ್ದಳು. ಕೇಳಿದರೆ, ‘ಅವ್ವನ ಜೋಡಿ ದಿನಾ ಹಸನ ಮಾಡ್ತೀನ್ರಿ’ ಎಂದಳು. ಆ ಒಂದು ಮಾತು ನನ್ನ ಅರ್ಧ ಗಂಟೆಯ ವಿವರಣೆಯ ಕೆಲಸವನ್ನು ಮಾಡಿತು.

ಬೇಳೆಯ ನಂತರ ನೋಟು. 100 ರೂಪಾಯಿಯ ನೋಟಿನಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ಉಬ್ಬಿದ ವೃತ್ತವಿದೆ. ಅಂಚಿನಲ್ಲಿ 100ಕ್ಕೆ ನಾಲ್ಕು, 500ಕ್ಕೆ ಐದು ಓರೆ ಗೆರೆಗಳಿವೆ. ಉದ್ದದಲ್ಲಿ 100ರ ನೋಟು 142, 200ರದು 146, 500ರದು 150 ಮಿಲಿಮೀಟರ್. ಬ್ಯಾಂಕಿನಿಂದ ಹೊಸ ನೋಟುಗಳನ್ನೇ ತನ್ನಿ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿ ಹತ್ತಿಯಂತಾದ ನೋಟಿನಲ್ಲಿ ಉಬ್ಬು ಸವೆದಿರುತ್ತದೆ, ಆಗ ಉದ್ದವೊಂದೇ ಗತಿ. ಹಳೆಯ ನೋಟನ್ನೂ ಕೊನೆಗೆ ಕೈಗೆ ಕೊಟ್ಟರೆ ಆ ಕಷ್ಟ ಯಾರದೆಂದು ಮಕ್ಕಳೇ ಹೇಳುತ್ತಾರೆ. ಇದರ ಜೊತೆಗೆ, ಅಂಧರೆನಿಸಿಕೊಂಡ ಎಲ್ಲರಿಗೂ ಕಗ್ಗತ್ತಲೆಯೇ ಇರುವುದಿಲ್ಲ, ಹಲವರಿಗೆ ಬೆಳಕು, ನೆರಳು, ಅಂಚುಗಳು ಕಾಣುತ್ತವೆ ಎಂಬುದನ್ನು ಹಳೆಯ ಕನ್ನಡಕಕ್ಕೆ ವ್ಯಾಸಲೀನ್ ಸವರಿಯೋ ಕಾಗದದ ಸಣ್ಣ ಕೊಳವೆಯಲ್ಲಿ ನೋಡಿಸಿಯೋ ತೋರಿಸಬಹುದು.

ಮೂರನೆಯದು ಬ್ರೈಲ್. ಇದರಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕಿಗಳ ಒಂದು ಮನೆ, ಯಾವ ಚುಕ್ಕಿಗಳು ಉಬ್ಬಿವೆ ಎಂಬುದರಿಂದ ಅಕ್ಷರ ತಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ, ಕಪ್ಪು ಚುಕ್ಕಿಗಳನ್ನು ಬರಿದೇ ಮುದ್ರಿಸಿದ ಚಾರ್ಟಿಗೆ ಹಣ ಹಾಕಬೇಡಿ. ಬೆರಳಿಗೆ ಏನೂ ತಾಗದ ಬ್ರೈಲ್ ಬ್ರೈಲೇ ಅಲ್ಲ. ಬಿಂದಿ, ಮಣಿಗಳನ್ನು ಅಂಟಿಸುವುದೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಚುಕ್ಕಿಗಳ ನಡುವಿನ ನಿಜವಾದ ಅಂತರ ಸುಮಾರು ಎರಡೂವರೆ ಮಿಲಿಮೀಟರ್, ಒಂದು ಅಕ್ಷರ ಒಂದು ಬೆರಳ ತುದಿಗೆ ಹಿಡಿಸಬೇಕು. ಮೊದಲು ಮೊಟ್ಟೆಯ ಟ್ರೇಯಿಂದ ಆರು ಗುಳಿಗಳ ತುಂಡನ್ನು ಕತ್ತರಿಸಿ, ಎಡಸಾಲಿಗೆ ಮೇಲಿನಿಂದ 1, 2, 3, ಬಲಸಾಲಿಗೆ 4, 5, 6 ಎಂದು ಹೇಳಿ ಗೋಲಿಗಳನ್ನು ಇಡಿಸಿ. 1 ಮತ್ತು 3ರಲ್ಲಿ ಗೋಲಿ ಇಟ್ಟರೆ ಕ. 1, 3, 4 ಆದರೆ ಮ. 1, 2, 3 ಆದರೆ ಲ. ‘ಕಮಲ’ ಸಿದ್ಧವಾಯಿತು. ಭಾರತದ ಭಾಷೆಗಳೆಲ್ಲ 1951ರಿಂದ ಹಂಚಿಕೊಂಡಿರುವ ಭಾರತಿ ಬ್ರೈಲ್‌ನಲ್ಲಿ ಕಾಗುಣಿತವನ್ನು ವ್ಯಂಜನದ ನಂತರ ಸ್ವರವನ್ನಿಟ್ಟು ಬರೆಯುತ್ತಾರೆ. ಹಾಗಾಗಿ ‘ಕಲಬುರಗಿ’ಗೆ ಐದಲ್ಲ, ಏಳು ಮನೆಗಳು ಬೇಕು: ಕ, ಲ, ಬ, ಉ, ರ, ಗ, ಇ.

ಇನ್ನು ಚುಚ್ಚುವ ಕೆಲಸ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಮಡಚಿದ ಟವೆಲ್ಲಿನ ಮೇಲಿಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನ ತುದಿಯಿಂದ ಒತ್ತಬೇಕು, ತೂತು ಬೀಳಬಾರದು. ಉಬ್ಬು ಏಳುವುದು ಹಿಂಬದಿಯಲ್ಲಿ. ಆದ್ದರಿಂದ ಬಲತುದಿಯಿಂದ ಆರಂಭಿಸಿ ಎಡಕ್ಕೆ ಬರೆಯಬೇಕು, ಪ್ರತಿ ಅಕ್ಷರದ 1, 2, 3ನ್ನು ಬಲಸಾಲಿನಲ್ಲೂ 4, 5, 6ನ್ನು ಎಡಸಾಲಿನಲ್ಲೂ ಒತ್ತಬೇಕು. ಕಾಗದ ತಿರುಗಿಸಿದಾಗ ಎಲ್ಲವೂ ನೇರವಾಗುತ್ತದೆ. ಸಾಲು ಬಲದಿಂದ ಹೋಗಬೇಕೆಂಬುದು ಮಕ್ಕಳಿಗೆ ನೆನಪಿರುತ್ತದೆ, ಅಕ್ಷರವೂ ಮಗುಚಬೇಕೆಂಬುದು ಮರೆಯುತ್ತದೆ. ಮರೆತರೆ ‘ಮ’ ಹೋಗಿ ‘ಶ’ ಆಗುತ್ತದೆ, ‘ಇ’ ಹೋಗಿ ‘ಏ’ ಆಗುತ್ತದೆ. ತಪ್ಪಾಗುವ ಮೊದಲೇ ತಿದ್ದಲು ಹೋಗಬೇಡಿ. ಫ್ರಾನ್ಸಿನಲ್ಲಿ 1809ರಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆಯ ತೊಗಲಿನ ಕೆಲಸದ ಮೊನೆಯುಪಕರಣ ತಾಗಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್, ಈ ಲಿಪಿಗೆ ರೂಪ ಕೊಟ್ಟಾಗ ಅವನಿಗೆ ಹದಿನೈದು ವರ್ಷ ಎಂಬುದನ್ನು ಹೇಳಲು ಇದೇ ತಕ್ಕ ಹೊತ್ತು.

ನಾಲ್ಕನೆಯದು ಕಿವಿಯ ವಿಷಯ. ಕಿವಿಗೆ ಹತ್ತಿ ತುರುಕಿಸಬೇಡಿ. ಅದರಿಂದ ಸದ್ದು ನಿಲ್ಲುವುದಿಲ್ಲ, ಹತ್ತಿ ಒಳಗೆ ಸಿಕ್ಕಿಕೊಂಡರೆ ವೈದ್ಯರ ಬಳಿ ಓಡಬೇಕಾಗುತ್ತದೆ. ಬದಲಿಗೆ ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ‘ಮರ’, ‘ಬರ’, ‘ಪರ’ ಎಂಬ ಮೂರು ಪದಗಳನ್ನು ದನಿಯಿಲ್ಲದೆ ತುಟಿಯಲ್ಲಿ ಆಡಿಸಿ, ಯಾವುದೆಂದು ಹೇಳಿಸಿ. ಮೂರೂ ಒಂದೇ ಥರ ಕಾಣುತ್ತವೆ. ಕನ್ನಡಿಯಲ್ಲಿ ತಾವೇ ನೋಡಿಕೊಂಡರೂ ಬೇರೆ ಮಾಡಲಾಗದು. ಕ, ಗ, ಹ ಅಂತೂ ಗಂಟಲಲ್ಲೇ ಮುಗಿದುಹೋಗುತ್ತವೆ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಮಾತನಾಡುವವರ ತುಟಿಯನ್ನು ಯಾರೂ ಓದಲಾರರು ಎಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ. ಶ್ರವಣಯಂತ್ರ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅಲುಗಿಸಲು, ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಂಥ ಪೇಟೆಯ ಸಂಜೆಯ ಗದ್ದಲದಲ್ಲಿ ಯಾರಾದರೂ ಮಾತನಾಡುವುದನ್ನು ನಾಲ್ಕು ಮಾರು ದೂರದಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತರಗತಿಯಲ್ಲಿ ಪೂರ್ಣ ಸದ್ದಿಗೆ ಹಾಕಿ ಕೇಳಿಸಿ: ಮಾತಿನ ಜೊತೆಗೆ ಆಟೋದ ಹಾರ್ನೂ ಅಷ್ಟೇ ದೊಡ್ಡದಾಗುತ್ತದೆ.

ಸಂಜ್ಞೆಗಳನ್ನು ಕಲಿಸುವಾಗ, ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಕೈಯ ಅಕ್ಷರಮಾಲೆಯನ್ನು ಗೋಡೆಗೆ ಅಂಟಿಸುವವರು ಬಹಳ. ಅದು ಅಮೆರಿಕದ್ದು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳಿಗೆ ಎರಡು ಕೈ ಬೇಕು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರ ಹೊತ್ತಿಗೇ 10,000 ಪದಗಳಿಗೆ ಬೆಳೆದಿತ್ತು. ಅದರ ವಿಡಿಯೊಗಳಿಂದ ಎಂಟು ಹತ್ತು ಸಂಜ್ಞೆಗಳನ್ನು ಮಾತ್ರ ಕಲಿಸಿ, ಹುಬ್ಬು ಮತ್ತು ಮುಖದ ಚಲನೆಯನ್ನೂ ಅನುಕರಿಸಲು ಹೇಳಿ, ಏಕೆಂದರೆ ಅದೂ ವ್ಯಾಕರಣದ ಭಾಗ. ‘ಮೂಗ’ ಎಂಬ ಪದವನ್ನು ಇಲ್ಲಿಯೇ ಕೈಬಿಡಿಸಿ. ಹುಟ್ಟಿನಿಂದ ಕಿವಿ ಕೇಳದ ಬಹುಪಾಲು ಜನರ ಗಂಟಲು ಚೆನ್ನಾಗಿಯೇ ಇರುತ್ತದೆ.

ಕೊನೆಯ ದಿನ ಅತಿಥಿಯನ್ನು ಕರೆಯಿರಿ, ಹೋಗಿಬರುವ ಖರ್ಚು ಮತ್ತು ಗೌರವಧನವನ್ನು ಮರೆಯದೆ ಕೊಡಿ. ಕಿವಿ ಕೇಳದವರಾದರೆ ಸಂಜ್ಞೆ ಬಲ್ಲ ಒಬ್ಬರು ಜೊತೆಗಿರಬೇಕು. ಕಣ್ಣು ಕಾಣದವರಾದರೆ ಕೈ ಹಿಡಿದು ಎಳೆಯದೆ ನಿಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಶಹಾಬಾದ್ ಕಲ್ಲಿನ ನೆಲ ಮುಗಿದು ಮಣ್ಣು ಆರಂಭವಾದದ್ದು ಕೋಲಿನ ಸದ್ದಿನಿಂದಲೇ ಅವರಿಗೆ ತಿಳಿಯುವುದನ್ನು ಮಕ್ಕಳು ಗಮನಿಸಲಿ. ಆಮೇಲೆ ಮಕ್ಕಳು ಚುಚ್ಚಿದ ಲಗ್ನಪತ್ರಿಕೆಗಳನ್ನು ಅವರ ಮುಂದಿಡಿ. ನಮ್ಮ ಸಂಗೀತ ಶಿಕ್ಷಕರು ಕಳೆದ ಬಾರಿ ಒಂದೊಂದನ್ನೇ ಬೆರಳಾಡಿಸಿ ಓದುತ್ತ ಬಂದು, ಒಂದರ ಮೇಲೆ ನಿಂತು, ‘ಇದು ಯಾರದಪ್ಪ? ಗಿಳಿ ಹೋಗಿ ಗಿಳೇ ಆಗ್ಯಾದ’ ಎಂದು ನಕ್ಕರು. ಹುಡುಗ ಎದ್ದು ಬಂದು, ಪತ್ರಿಕೆಯನ್ನು ತಿರುಗಿಸಿ ನೋಡಿ, ರಾಶಿಯಿಂದ ಇನ್ನೊಂದನ್ನು ಎತ್ತಿಕೊಂಡು ಟವೆಲ್ಲಿನ ಮುಂದೆ ಕುಳಿತ.