ಪೂರ್ತಿ ಆಗುವ ಮೊದಲೇ ರಸ್ತೆಗಿಳಿದ ಫಿಯಟ್

ನನ್ನ ಫಿಯಟ್‌ಗೆ ಇನ್ನೂ ಬಣ್ಣ ಬಿದ್ದಿಲ್ಲ. ಎಡಗಡೆಯ ಬಾಗಿಲುಗಳು ಬೂದು ಪ್ರೈಮರ್‌ನಲ್ಲಿವೆ, ಬಾನೆಟ್ ಹಳೇ ಬಿಳಿ. ಬಾಗಿಲ ಒಳಗಿನ ಪ್ಯಾಡ್ ಹಾಕಿಲ್ಲ, ಗಾಜು ಏರಿಸುವ ಕಬ್ಬಿಣದ ಕಡ್ಡಿಗಳು ಹಾಗೇ ಕಾಣುತ್ತವೆ. ಚಿಕ್ಕಮಗಳೂರಿನ ಐ.ಜಿ. ರೋಡಿನಲ್ಲಿ ನಿಲ್ಲಿಸಿದರೆ ಯಾರಾದರೊಬ್ಬರು ಬಂದು, "ಏನ್ ಸಾರ್, ಗಾಡಿಗೆ ಗಜಕರ್ಣ ಆಗಿದೆಯಾ?" ಅಂತ ನಗುತ್ತಾರೆ. ನಾನೂ ನಗುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಗಾಡಿಯಲ್ಲಿ ಆಲ್ದೂರಿಗೆ ವಾಪಸ್ ಹೋಗುತ್ತೇನೆ.

ಇದು 1982ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಈಗಲೂ ಫಿಯಟ್ ಅಂತಲೇ ಕರೆಯೋದು. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಇಲ್ಲಿ ಶುರುವಾದ ಮಾಡೆಲ್ಲೇ ಮುಂದೆ ಹೆಸರು ಬದಲಾಗಿ ಪದ್ಮಿನಿ ಆಯಿತು. 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದ ಹಿರಿಯರೊಬ್ಬರು ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಇದನ್ನು ವರ್ಷಗಟ್ಟಲೆ ನಿಲ್ಲಿಸಿದ್ದರು. ಮೇಲೆ ನೀಲಿ ಟಾರ್ಪಲ್, ಒಳಗೆ ಇಲಿಗಳ ಸಂಸಾರ.

ಗಾಡಿ ಮನೆಗೆ ಬಂದಾಗ ಎರಡು ತರದ ಸಲಹೆ ಸಿಕ್ಕಿತು. ಪೂರ್ತಿ ಬಿಚ್ಚಿ, ಬಾಡಿ ಖಾಲಿ ಮಾಡಿ, ಎಲ್ಲ ಹೊಸದಾಗಿ ಮಾಡಿಸಿ ಆಮೇಲೆ ಓಡಿಸು ಅಂದವರು ಕೆಲವರು. ಸ್ಟಾರ್ಟ್ ಆಗುತ್ತಲ್ಲ, ಬ್ರೇಕ್ ಒಂದು ಸರಿ ಮಾಡಿಸಿ ಹೊಡಿ, ಮಿಕ್ಕಿದ್ದು ನೋಡಿಕೊಂಡರಾಯಿತು ಅಂದವರು ಇನ್ನು ಕೆಲವರು. ನಾನು ಎರಡನೆಯವರ ಕಡೆಯವನು. ಆದರೆ "ಬ್ರೇಕ್ ಒಂದು" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅರ್ಧ ಕೆಲಸದ ಗಾಡಿ ಓಡಿಸಬಹುದು, ಆದರೆ ಯಾವ ಅರ್ಧ ಅನ್ನೋದು ಮುಖ್ಯ ಅಲ್ವಾ?

ನಾನು ಮೊದಲು ಕೈ ಹಾಕಿದ್ದು ನೆಲಕ್ಕೆ. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುವುದು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡು ತುಕ್ಕು ಹಿಡಿದು ಟೊಳ್ಳಾದರೆ ಅದು ಬರೀ ಚಂದದ ಪ್ರಶ್ನೆ ಅಲ್ಲ, ಗಾಡಿಯ ಬೆನ್ನೆಲುಬಿನ ಪ್ರಶ್ನೆ. ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ ಒಂದೊಂದು ಜಾಗ ಚುಚ್ಚಿ ನೋಡಿದೆ. ಡ್ರೈವರ್ ಕಾಲಿನ ಕೆಳಗೆ ಮತ್ತು ಹಿಂದಿನ ಪ್ಲೇಟು ಸ್ಪ್ರಿಂಗ್ ಬಾಡಿಗೆ ಸೇರುವ ಕಡೆ ತಗಡು ಪುಡಿಯಾಗಿ ಬಂತು. ಅಷ್ಟು ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದ ಮೇಲೆಯೇ ಮುಂದಿನ ಮಾತು. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗಾಡಿಗಳನ್ನು ನೋಡಿದ್ದೇನೆ. ಹೊಳೆಯುವ ಆ ಗಾಡಿಗಿಂತ ನನ್ನ ಗಜಕರ್ಣದ್ದರಲ್ಲಿ ಮಗಳನ್ನು ಕೂರಿಸಲು ನನಗೆ ಧೈರ್ಯ ಜಾಸ್ತಿ.

ಆಮೇಲೆ ಬ್ರೇಕು. ಇಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಲಿಲ್ಲ. ನನ್ನ ಗಾಡಿಯದ್ದು ಒಂದೇ ಲೈನಿನ ಬ್ರೇಕು. ನಾಲ್ಕು ಚಕ್ರದಲ್ಲಿ ಎಲ್ಲೇ ಒಂದು ಕಡೆ ಆಯಿಲ್ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶ ಎಳೆದುಕೊಳ್ಳುತ್ತದೆ. ಮಲೆನಾಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿಸುತ್ತದೆ. ರಬ್ಬರ್ ವಾಶರ್ ಒಂದೇ ಬದಲಿಸಿದರೆ ಆ ಒರಟು ಗೋಡೆಗೆ ಉಜ್ಜಿ ಮತ್ತೆ ಸೋರುತ್ತದೆ. ಹಾಗಾಗಿ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳು, ರಬ್ಬರ್ ಹೋಸ್, ಉಕ್ಕಿನ ಪೈಪು, ಲೈನಿಂಗ್ ಎಲ್ಲ ಹೊಸದು. ಇನ್ನೊಂದು ವಿಷಯ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯೋದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ. ನೀರು ಕುಡಿದ ಮೇಲೆ ಅದರ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಪೆಡಲ್ ತುಳಿದರೂ ಬ್ರೇಕ್ ಹಿಡಿಯುವುದಿಲ್ಲ. ಮುಳ್ಳಯ್ಯನಗಿರಿ ಕಡೆಯಿಂದ ಕೈಮರದವರೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು ಎಷ್ಟು ಕಾಯುತ್ತದೆ ಅಂತ ಇಳಿದವರಿಗೆ ಗೊತ್ತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಈ ಹಳೇ ಡ್ರೈವರ್‌ಗಳ ಮಾತನ್ನು ನಾನು ಈಗಲೂ ಚಾಚೂ ತಪ್ಪದೆ ಪಾಲಿಸುತ್ತೇನೆ.

ಸ್ಟೇರಿಂಗ್ ಕಡೆ ಚಕ್ರ ತಿರುಗಿಸುವ ಕೀಲುಗಳು, ಅಂದರೆ ಟೈರಾಡ್ ಎಂಡ್, ಕಿಂಗ್‌ಪಿನ್, ಜೊತೆಗೆ ಬುಷ್ ಬದಲಾದವು. ಟೈರು ನೋಡಲು ಚೆನ್ನಾಗಿದ್ದವು, ಗುಂಡಿ, ಅಂದರೆ ರಸ್ತೆ ಹಿಡಿಯುವ ಅಚ್ಚು, ಆಳವಾಗಿತ್ತು. ಆದರೆ ಪಕ್ಕದಲ್ಲಿ ಸಣ್ಣ ಬಿರುಕು. ಈಗಿನ ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹಳೇ ಗಾಡಿ ಕೊಳ್ಳುವವರು ಗುಂಡಿಗಿಂತ ಮೊದಲು ಆ ಅಂಕಿ ಓದಬೇಕು. ಇಲಿ ಕಡಿದ ವೈರಿಂಗ್ ಪೂರ್ತಿ ತೆಗೆದು ಹೊಸದು ಎಳೆಸಿದೆ, ಪ್ರತಿ ಲೈನಿಗೂ ಫ್ಯೂಸ್ ಇಡಿಸಿದೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವು ನೋಡಿ ಹಾಕಿದೆ. ಈಗ ಬಂಕಿನಲ್ಲಿ ಸಿಗೋದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದು ಯಾರಿಗೂ ಬೇಡ.

ಇಷ್ಟಾದಾಗ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ. ನಿಜ ಹೇಳಬೇಕೆಂದರೆ ನನ್ನ ಮೊದಲ ಗುರಿ ಅದೇ ಆಗಿತ್ತು. 15 ವರ್ಷ ದಾಟಿದ ಸ್ವಂತ ಗಾಡಿಗೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಲೈಟು, ಹಾರನ್, ವೈಪರ್, ಬ್ರೇಕ್, ಹೊಗೆ ಎಲ್ಲ ನೋಡುತ್ತಾರೆ. ಗಾಡಿ ಯಾವಾಗ "ಸಾಕು" ಅಂತ ನಮಗೆ ನಾವೇ ತೀರ್ಮಾನಿಸಿದರೆ ಒಂದೋ ಅವಸರ ಆಗುತ್ತದೆ, ಇಲ್ಲ ಎಂದೂ ಮುಗಿಯುವುದಿಲ್ಲ. ಹೊರಗಿನವರು ನೋಡಿ ಸರಿ ಅನ್ನುವ ಒಂದು ಗೆರೆ ಇದ್ದರೆ ಒಳ್ಳೆಯದು. ಇನ್ಶೂರೆನ್ಸ್ ಇಲ್ಲದೆ "ಸುಮ್ನೆ ಒಂದು ರೌಂಡ್" ಅಂತ ಹೊರಡೋದು ನನ್ನ ಲೆಕ್ಕದಲ್ಲಿ ಶೋಕಿ ಅಲ್ಲ, ದಡ್ಡತನ.

ಅಲ್ಲಿಂದ ವಿಷಯಕ್ಕೆ ರುಚಿ ಬಂತು. ಮೊದಲು ತೋಟದೊಳಗಿನ ರಸ್ತೆ. ನಂತರ ಆಲ್ದೂರು ಪೇಟೆ. ಆಮೇಲೆ ಚಿಕ್ಕಮಗಳೂರು, ಬೇಲೂರು. ಕೆಟ್ಟು ನಿಂತರೆ ಯಾರನ್ನು ಕರೆಯಬಹುದು ಅನ್ನುವ ಲೆಕ್ಕದಲ್ಲಿ ದೂರ ಹೆಚ್ಚಿಸುತ್ತಾ ಹೋದೆ. ಓಡಿಸಿದಷ್ಟೂ ನನ್ನ ಪಟ್ಟಿ ಬದಲಾಗುತ್ತಾ ಬಂತು. ಶೆಡ್ಡಿನಲ್ಲಿ ಕೂತು ಬರೆದ ಪಟ್ಟಿಗೂ ರಸ್ತೆ ಬರೆಸಿದ ಪಟ್ಟಿಗೂ ಸಂಬಂಧವೇ ಇಲ್ಲ.

ಎಂಜಿನ್ ವಿಷಯ ನೋಡಿ. ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಲೇಬೇಕು, ಪಿಸ್ಟನ್ ಸೆಟ್ ಹಾಕಲೇಬೇಕು ಅಂತ ಮೆಕ್ಯಾನಿಕ್ ಹೇಳಿದ್ದರು. ಅವರ ಮಾತಿಗೂ ಕಾರಣವಿತ್ತು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿದಾಗ ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ತುಂಬ ಕೆಳಗಿತ್ತು. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಮೇಲೇರಿತು. ಹಾಗಾದರೆ ಸೋರುತ್ತಿರೋದು ವಾಲ್ವ್ ಕಡೆಯಿಂದಲ್ಲ, ಪಿಸ್ಟನ್ ಸುತ್ತಲಿನ ರಿಂಗಿನ ಕಡೆಯಿಂದ. ಬಹಳ ದಿನ ನಿಂತ ಎಂಜಿನ್‌ನಲ್ಲಿ ರಿಂಗು ಸವೆಯದೇ ಇದ್ದರೂ ಪಿಸ್ಟನ್ನಿನ ತೋಡಿನಲ್ಲಿ ಅಂಟಿಕೊಂಡು ಕೂತಿರಬಹುದು. ಸ್ವಲ್ಪ ದಿನ ಓಡಿಸಿ ನೋಡುತ್ತೇನೆ ಅಂದೆ. ಹೊಸ ಆಯಿಲ್ ಹಾಕಿ, ಬೇಗ ಬೇಗ ಬದಲಿಸುತ್ತಾ ಓಡಿಸಿದೆ. ಮೊದಮೊದಲು ಆಯಿಲ್ ಡಾಂಬರಿನಂತೆ ಇಳಿಯುತ್ತಿತ್ತು. ನಿಧಾನವಾಗಿ ನೀಲಿ ಹೊಗೆ ಕಡಿಮೆಯಾಯಿತು, ಆ ಸಿಲಿಂಡರ್ ಹೆಚ್ಚುಕಡಿಮೆ ಉಳಿದವುಗಳ ಮಟ್ಟಕ್ಕೆ ಬಂತು. ಎಲ್ಲ ಎಂಜಿನ್ನೂ ಹೀಗೆ ಸುಧಾರಿಸುತ್ತದೆ ಅಂತಲ್ಲ. ಆದರೆ ಮೊದಲೇ ಬಿಚ್ಚಿ ಲೇತಿಗೆ ಕಳಿಸಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಆ ದುಡ್ಡೂ ಹೋಗುತ್ತಿತ್ತು.

ಉಲ್ಟಾ ಉದಾಹರಣೆಯೂ ಇದೆ. ರೇಡಿಯೇಟರ್ ಚೆನ್ನಾಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಶೆಡ್ಡಿನಲ್ಲಿ ಎಷ್ಟು ಹೊತ್ತು ಸ್ಟಾರ್ಟ್ ಮಾಡಿಟ್ಟರೂ ಬಿಸಿಯಾಗುತ್ತಿರಲಿಲ್ಲ. ತೋಟದ ತಂಪಿನಲ್ಲೂ ಅಷ್ಟೇ. ಸಖರಾಯಪಟ್ಟಣ ದಾಟಿ ಕಡೂರು ಕಡೆ ಹೋದಾಗ ಬಣ್ಣ ಬಯಲಾಯಿತು. ಅದು ಬಯಲುಸೀಮೆ, ನೇರ ರಸ್ತೆ, ಏಪ್ರಿಲ್ ಬಿಸಿಲು. ಒಂದೇ ಸಮನೆ 65ರ ಆಸುಪಾಸಿನಲ್ಲಿ ಓಡಿಸುತ್ತಿದ್ದಂತೆ ಮುಳ್ಳು ಮೇಲಕ್ಕೆ ಹೋಯಿತು. ಎಂಜಿನ್ ದುಡಿಯುವಾಗ ಮಾತ್ರ ನೀರು ಜೋರಾಗಿ ಹರಿಯಬೇಕು, ಒಳಗಿನ ಕೊಳವೆಗಳು ಅರ್ಧ ಕಟ್ಟಿದ್ದರೆ ಅದು ಗೊತ್ತಾಗೋದೂ ಆಗಲೇ. ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ಕಡ್ಡಿ ಹೊಡೆಸಿದ ಮೇಲೆ ಸರಿಹೋಯಿತು. ಈಗ ಯಾವ ಹೊಸ ಕೆಲಸ ಮಾಡಿಸಿದರೂ ಕಡೂರು ರಸ್ತೆ ಬಿಸಿಲಿಗೆ, ಕೈಮರದ ಇಳಿಜಾರು ಬ್ರೇಕಿಗೆ ಅಂತ ನನ್ನದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಒಂದೇ ಜಿಲ್ಲೆಯಲ್ಲಿ ಎರಡೂ ಇರೋದು ನಮ್ಮ ಪುಣ್ಯ.

ಮಳೆ ಇನ್ನೆರಡು ವಿಷಯ ಕಲಿಸಿತು. ಹಳೇ ಡೈನಮೋ ಎಂಜಿನ್ ನಿಧಾನಕ್ಕೆ ತಿರುಗುವಾಗ ಸರಿಯಾಗಿ ಚಾರ್ಜ್ ಮಾಡುವುದಿಲ್ಲ. ಜುಲೈ ಸಂಜೆ, ಹೆಡ್‌ಲೈಟ್, ವೈಪರ್ ಎರಡೂ ಆನ್, ಮಂಜಿನಲ್ಲಿ ಎರಡನೇ ಗೇರಿನ ಓಟ. ಮನೆ ಮುಟ್ಟುವಷ್ಟರಲ್ಲಿ ಬ್ಯಾಟರಿ ಸುಸ್ತು. ನಿಧಾನ ಓಟದಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸೋದು ನನ್ನ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಹಳೇ ಗಾಡಿ ಹಳೇ ಹಾಗೇ ಇರಲಿ ಅನ್ನೋ ಹಟ ನನ್ನದು. ಆ ಮಳೆಗಾಲದಲ್ಲಿ ಹಟ ಬಿಟ್ಟೆ. ಎರಡನೆಯದು ಮುಂದಿನ ಗಾಜಿನ ಒಳಗೆ ಕಟ್ಟುವ ಮಂಜು. ಮಗಳು ಪಕ್ಕದಲ್ಲಿ ಕೂತು ಬಟ್ಟೆಯಲ್ಲಿ ಒರೆಸುತ್ತಿದ್ದಳು. "ಅಪ್ಪ, ಹೊಸ ಸ್ಟೀರಿಯೋ ಆಮೇಲೆ ಹಾಕ್ಸು, ಮೊದ್ಲು ಇದಕ್ಕೊಂದು ಫ್ಯಾನ್ ಹಾಕ್ಸು" ಅಂದಳು. ಹಾಗೇ ಮಾಡಿದೆ.

ಗಾಡಿ ಓಡುತ್ತಿದ್ದರೆ ಅದರ ಆರೋಗ್ಯವೂ ಉಳಿಯುತ್ತದೆ. ನಿಂತ ಟ್ಯಾಂಕಿನಲ್ಲಿ ಎಥನಾಲ್ ಪೆಟ್ರೋಲು ತೇವ ಎಳೆದುಕೊಳ್ಳುತ್ತದೆ. ಹೆಚ್ಚಾದರೆ ನೀರು, ಎಥನಾಲ್ ಸೇರಿ ತಳಕ್ಕಿಳಿದು ತಗಡು ತಿನ್ನುತ್ತವೆ. ಕಾರ್ಬೊರೇಟರ್ ಜೆಟ್ಟಿನಲ್ಲಿ ಅಂಟು ಕಟ್ಟುತ್ತದೆ. ಬ್ಯಾಟರಿ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಒಳಗಿನ ಪ್ಲೇಟಿನ ಮೇಲೆ ಬಿಳಿ ಪದರ ಗಟ್ಟಿಯಾಗಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ತೋಟದ ಶೆಡ್ಡು ಅಂದ ಮೇಲೆ ಇಲಿ ಇದ್ದೇ ಇರುತ್ತದೆ. ನಿತ್ಯ ಬಾನೆಟ್ ಎತ್ತುವ ಗಾಡಿಯಲ್ಲಿ ಅದು ಗೂಡು ಕಟ್ಟುವುದು ಕಡಿಮೆ. ಹಾಗೇ, ಪ್ಲಾಸ್ಟಿಕ್ ಟಾರ್ಪಲ್ ದಯವಿಟ್ಟು ಬೇಡ. ಒಳಗಿನ ತೇವ ಹೊರಗೆ ಹೋಗಲು ಬಿಡದೆ ಮಳೆಗಿಂತ ಜಾಸ್ತಿ ಹಾಳು ಮಾಡುತ್ತದೆ. ಮೇಲೆ ಶೀಟು, ಪಕ್ಕದಲ್ಲಿ ಗಾಳಿ, ಅಷ್ಟೇ ಸಾಕು.

ಹಾಸನದಲ್ಲಿ ನನ್ನ ಗೆಳೆಯನದ್ದು ಇನ್ನೊಂದು ದಾರಿ. ಅವನ ಅಂಬಾಸಿಡರ್ ಪೂರ್ತಿ ಬಿಚ್ಚಿದೆ. ಬೋಲ್ಟುಗಳು ಡಬ್ಬಗಳಲ್ಲಿ, ಡಬ್ಬಗಳ ಮೇಲೆ ಚೀಟಿ, ಕೆಲವು ಚೀಟಿಗಳನ್ನು ಜಿರಲೆ ತಿಂದಿದೆ. ಅವನನ್ನು ನಾನು ಸೋಮಾರಿ ಅನ್ನುವುದಿಲ್ಲ. ಬಾಡಿಯ ಮೂಲೆ ಮೂಲೆಯ ತುಕ್ಕು ತೆಗೆಯಬೇಕಾದರೆ ಅವನ ದಾರಿಯೇ ಸರಿ, ಓಡಿಸಿಕೊಂಡು ಅದನ್ನು ಮಾಡಲು ಬರುವುದಿಲ್ಲ. ಶೆಡ್ಡಿನಲ್ಲಿ ಕೂತು ಒಂದು ಲಿವರ್ ಉಜ್ಜುವುದರಲ್ಲೇ ಅವನಿಗೆ ಖುಷಿ. ಆದರೆ ಅವನ ಮಕ್ಕಳು ಆ ಗಾಡಿ ಓಡಿದ್ದನ್ನೇ ನೋಡಿಲ್ಲ. ಅವನು ನನಗೆ ಹೇಳೋದು, "ಓಡೋಕೆ ಶುರುವಾದ ಗಾಡಿ ಎಂದೂ ಮುಗಿಯಲ್ಲ ಕಣೋ." ಅದರಲ್ಲಿ ಸತ್ಯವಿದೆ. ಗಾಡಿ ಸಂತೆಗೆ ಹೋಗಿ ಬರುತ್ತಿದ್ದರೆ ಬಾಗಿಲ ಪ್ಯಾಡಿನ ನೆನಪು ಯಾರಿಗೆ ಬರುತ್ತದೆ?

ಅದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ ಬಿಚ್ಚಬೇಕು. ಶನಿವಾರ ಬಿಚ್ಚಿದ್ದು ಸೋಮವಾರ ಬೆಳಿಗ್ಗೆ ಓಡಬೇಕು. ಹೊಸ ಪಾರ್ಟು ಕೈಗೆ ಬರುವವರೆಗೆ ಹಳೆಯದನ್ನು ಬಿಚ್ಚುವಂತಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಿಂದ ಪಾರ್ಟ್ ತರಿಸಿದಾಗ ಅಳತೆ ಹೊಂದದೆ ವಾಪಸ್ ಕಳಿಸಿದ್ದುಂಟು. ಹಳೆಯದು ಗಾಡಿಯಲ್ಲೇ ಇದ್ದುದರಿಂದ ಓಡಾಟ ನಿಲ್ಲಲಿಲ್ಲ.

ಪ್ರೈಮರ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾಮೂಲಿ ಬೂದು ಪ್ರೈಮರ್ ನೀರನ್ನು ತಡೆಯುವುದಿಲ್ಲ, ಎಳೆದುಕೊಳ್ಳುತ್ತದೆ. ಅದನ್ನು ಬಳಿದುಕೊಂಡು ನಮ್ಮ ಮಳೆಯಲ್ಲಿ ಓಡಾಡಿದರೆ ಬಣ್ಣ ಹೊಡೆಯುವ ಮೊದಲೇ ಅದರ ಕೆಳಗೆ ತುಕ್ಕು ಶುರು. ನನ್ನ ಬಾಗಿಲುಗಳಿಗೆ ಹೊಡೆಸಿದ್ದು ಇಪಾಕ್ಸಿ ಪ್ರೈಮರ್. ಬೆಲೆ ಜಾಸ್ತಿ, ಆದರೆ ನೀರು ಒಳಗೆ ಹೋಗುವುದಿಲ್ಲ. ಹಾಗಂತ ಅದೂ ಬಣ್ಣದ ಬದಲಿ ಅಲ್ಲ, ಬಿಸಿಲಿಗೆ ಮೇಲ್ಮೈ ಪುಡಿ ಪುಡಿಯಾಗುತ್ತದೆ.

ಪೂರ್ತಿ ಬಣ್ಣ ಅನ್ನೋದು ಶನಿವಾರ ಬಿಚ್ಚಿ ಸೋಮವಾರ ಜೋಡಿಸುವ ಕೆಲಸ ಅಲ್ಲ. ಒಂದೊಂದು ಬಾಗಿಲು ಒಂದೊಂದು ಸಲ ಹೊಡೆಸಿದರೆ ಬಿಳಿಯೂ ಬೇರೆ ಬೇರೆ ಬಿಳಿಯಾಗುತ್ತದೆ. ಬಣ್ಣಕ್ಕೆ ಒಣ ಹವೆ ಬೇಕು, ಒಣ ಹವೆಯಲ್ಲೇ ನನಗೆ ಗಾಡಿ ಓಡಿಸುವ ಆಸೆ. ಈ ಜಗಳಕ್ಕೆ ಪರಿಹಾರ ಸಿಕ್ಕಿದ್ದು ಕಾಫಿಯಿಂದ. ಅರೇಬಿಕಾ ಕುಯ್ಲು ಮುಗಿದು ರೊಬಸ್ಟಾ ಶುರುವಾಗುವ ಜನವರಿ, ಫೆಬ್ರವರಿಯಲ್ಲಿ ನಾನು ಕಣ ಬಿಟ್ಟು ಅಲ್ಲಾಡುವಂತಿಲ್ಲ. ಗಾಡಿ ಹೇಗೂ ಮನೆಯಲ್ಲೇ ನಿಂತಿರುತ್ತದೆ. ಆ ಹೊತ್ತಿಗೆ ತಂದು ಬಿಡಿ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಕೊಡುತ್ತೇನೆ ಅಂತ ಟಿಂಕರ್ ಒಪ್ಪಿದ್ದಾರೆ. ಆರ್‌ಸಿಯಲ್ಲಿ ಬಿಳಿ ಅಂತ ಇದೆ, ಆದ್ದರಿಂದ ಬಿಳಿಯೇ. ಕಡುನೀಲಿ ಚೆನ್ನಾಗಿರುತ್ತೆ ಅಂತ ಮನೆಯವಳು ಇನ್ನೂ ಹೇಳುತ್ತಿದ್ದಾಳೆ. ಅದಕ್ಕೆ ಮತ್ತೆ ಆರ್‌ಟಿಒ ಆಫೀಸಿನ ಓಡಾಟ, ಆ ಮಾತು ಡಿಸೆಂಬರಿನವರೆಗೆ ನಡೆಯಲಿ.